ಸೂಕ್ಷ್ಮದರ್ಶಕಕ್ಕೆ ಮನೆಯ ಡಿಮ್ಮರ್

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಕಬ್ಬಿಣದೊಳಗಿನ ಗ್ರಾಫೈಟ್ ಚಕ್ಕೆಯಾಗಿದೆಯೋ ಗುಂಡಾಗಿದೆಯೋ ಎಂದು ನೋಡುವವರಿಗಾಗಲಿ, ಖಾನಾಪುರದಲ್ಲಿ ಮಲಪ್ರಭೆಯ ಹನಿ ನೀರಲ್ಲಿ ಡಯಾಟಮ್ ಹುಡುಕುವ ಮೇಷ್ಟರಿಗಾಗಲಿ, ಸೂಕ್ಷ್ಮದರ್ಶಕದ ಮಸೂರಕ್ಕಿಂತ ಮೊದಲು ಕೈಕೊಡುವುದು ದೀಪ. ಎಷ್ಟೋ ಸಲ ಬಲ್ಬೂ ಅಲ್ಲ, ಬೆಳಕನ್ನು ಏರಿಸಿ ಇಳಿಸುವ ಪುಟ್ಟ ಸರ್ಕ್ಯೂಟು. ಅಷ್ಟಕ್ಕೇ ಒಳ್ಳೆಯ ಉಪಕರಣ ಕಪಾಟು ಸೇರುವುದನ್ನು ಕಂಡರೆ ಸಂಕಟವಾಗುತ್ತದೆ.

ಈಚೆಗೆ ಖಾನಾಪುರದ ಮಿತ್ರರೊಬ್ಬರ ಸೂಕ್ಷ್ಮದರ್ಶಕ ಬೆಳಗಾವಿಗೆ, ನನ್ನ ಮೇಜಿಗೆ ಬಂತು. 6 ವೋಲ್ಟ್, 20 ವ್ಯಾಟ್ ಹ್ಯಾಲೊಜೆನ್. ನಾಬ್ ಎತ್ತ ತಿರುಗಿಸಿದರೂ ಪೂರ್ತಿ ಬೆಳಕು, ತಗ್ಗುವ ಮಾತೇ ಇಲ್ಲ. ಸರ್ಕ್ಯೂಟಿನೊಳಗೆ ವಿದ್ಯುತ್ ಸ್ವಿಚ್ಚಿನ ಕೆಲಸ ಮಾಡುವ ಟ್ರಯಾಕ್ ಶಾರ್ಟ್ ಆದರೆ ಹೀಗಾಗುತ್ತದೆ. ಬೋರ್ಡೂ ಸುಟ್ಟು ಕಪ್ಪಾಗಿತ್ತು. ಬೆಳಕು ತಗ್ಗದಿದ್ದರೆ ಕಡಿಮೆ ವರ್ಧನೆಯಲ್ಲಿ ಕಣ್ಣು ಕುಕ್ಕುತ್ತದೆ. 10ರ ಮಸೂರದಿಂದ 100ರ ತೈಲಮಸೂರಕ್ಕೆ ಹೋದಾಗ ಬಿಂಬದ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುವುದರಿಂದ ಎರಡಕ್ಕೂ ಒಂದೇ ಬೆಳಕು ಒಗ್ಗದು.

ಸುಟ್ಟ ಬೋರ್ಡಿನ ಬದಲು ಮನೆಯ ಬಲ್ಬಿನ ಡಿಮ್ಮರ್ ಹಾಕಿದೆ. ಅದರಲ್ಲೂ ಇರುವುದು ಅದೇ ಸಂಸಾರ: ಒಂದು ಟ್ರಯಾಕ್, ಅದನ್ನು ಎಬ್ಬಿಸುವ ಡಯಾಕ್, ಕೆಪಾಸಿಟರ್, ಪೊಟೆನ್ಶಿಯೋಮೀಟರ್. ಹಂತಹಂತವಾಗಿ ಟಿಕ್ ಎನ್ನುವ ಫ್ಯಾನ್ ರೆಗ್ಯುಲೇಟರ್ ಇಲ್ಲಿಗೆ ಬೇಡ, ಅದರೊಳಗೆ ಬರೀ ಕೆಪಾಸಿಟರ್‌ಗಳು. ಡಿಮ್ಮರನ್ನು ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಬದಿಗೇ ಜೋಡಿಸಬೇಕು. ದೀಪದ ಬದಿಯಲ್ಲಿ 3 ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ, ಆಚೆ ಬದಿಯಲ್ಲಿ ಅದರ ಸುಮಾರು ನಲವತ್ತನೇ ಒಂದು ಭಾಗ ಮಾತ್ರ. ಸುರುಳಿಯ ಹೊರೆ ಟ್ರಯಾಕನ್ನು ಕಾಡುತ್ತದೆ. ಅದಕ್ಕಾಗಿ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಮೇನ್ಸ್‌ಗೆ ತಕ್ಕ ಕೆಪಾಸಿಟರ್ ಎರಡನ್ನೂ ಸರಣಿಯಲ್ಲಿ ಸೇರಿಸಿ ಟ್ರಯಾಕಿನ ಅಡ್ಡಕ್ಕೆ ಹಾಕಿದೆ. ಬಲ್ಬ್ ಸುಟ್ಟಮೇಲೆ ಸ್ವಿಚ್ ಹಾಗೇ ಬಿಡಬಾರದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ಟ್ರಯಾಕ್ ಅಲೆಯ ಒಂದು ಅರ್ಧಕ್ಕೆ ಎದ್ದು ಇನ್ನೊಂದಕ್ಕೆ ಏಳದಿದ್ದರೆ ಸುರುಳಿ ಬಿಸಿಯೇರುತ್ತದೆ. ಒಂದು ಫ್ಯೂಸ್ ಇರಲೇಬೇಕು. ಲೋಹದ ಮೈಗೆ ಅರ್ಥಿಂಗ್, ನಾಬಿಗೆ ಪ್ಲಾಸ್ಟಿಕ್ಕು. ಖಾನಾಪುರದ ಮಳೆಗಾಲದ ತೇವದಲ್ಲಿ ಇವುಗಳಲ್ಲಿ ಯಾವುದನ್ನೂ ಬಿಡಲಾಗದು. ಮೇನ್ಸ್ ಕೆಲಸ ಬಾರದವರು ತಿಳಿದವರ ಕೈಗೇ ಕೊಡಲಿ.

ಎಲ್‌ಇಡಿ ಹಾಕಿಬಿಡಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬಣ್ಣ ಹಾಕಿದ ಅಂಗಾಂಶದ ಸ್ಲೈಡು ನೋಡಲು ಹ್ಯಾಲೊಜೆನ್‌ನ ಎಲ್ಲ ಬಣ್ಣಗಳೂ ಬೆರೆತ ಅಖಂಡ ಬೆಳಕೇ ಚೆಂದ. ಈ ಡಿಮ್ಮರಿಗೆ ಸಾಮಾನ್ಯ ಎಲ್‌ಇಡಿ ಕಟ್ಟಿದರೆ ಮಿನುಗತೊಡಗುತ್ತದೆ, ಮೊಬೈಲ್ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ.

ದೀಪವನ್ನು ಯಾವಾಗಲೂ ತಗ್ಗಿಸಿಯೇ ಹಚ್ಚಿ. ತಣ್ಣಗಿನ ಟಂಗ್‌ಸ್ಟನ್ ತಂತಿಯ ಪ್ರತಿರೋಧ ಬಿಸಿಯಾದಾಗಿನ ಹತ್ತರಲ್ಲೊಂದು ಪಾಲಿನ ಆಸುಪಾಸು ಇರುವುದರಿಂದ ಮೊದಲ ಕ್ಷಣದ ಹರಿವೇ ಅದಕ್ಕೆ ಆಘಾತ. ವೋಲ್ಟೇಜನ್ನು ಶೇಕಡಾ 5ರಷ್ಟು ಕಡಿಮೆ ಇಟ್ಟರೂ ಸಾಕು, ಬಲ್ಬು ಸುಮಾರು ಎರಡು ಪಟ್ಟು ಬಾಳುತ್ತದೆ.