ಗೆರೆ ಎಳೆದವರು, ಗೆರೆಯೊಳಗಿನವರು

ಬೆಂಗಳೂರಿನ ವಾರ್ಡ್ ನಕ್ಷೆಯನ್ನು ಒಂದು ಕೃತಿ ಎಂದುಕೊಂಡು ಓದಿದರೆ, ಪದೇ ಪದೇ ತಿದ್ದಿಸಿಕೊಂಡೂ ಕೈಗೆ ಬಾರದ ಹಸ್ತಪ್ರತಿಯಂತೆ ಕಾಣುತ್ತದೆ. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಚುನಾವಣೆ ನಡೆದದ್ದು ಎರಡೇ ಸಲ, 2010 ಮತ್ತು 2015ರಲ್ಲಿ. ಆಗ 198 ವಾರ್ಡ್. 2022ರಲ್ಲಿ ಅದು 243 ಆಯಿತು. ಸರ್ಕಾರ ಬದಲಾದ ಮೇಲೆ, 2023ರಲ್ಲಿ, 225ಕ್ಕೆ ಇಳಿಯಿತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದು 369 ಮಾಡಿದರು. 243 ಮತ್ತು 225ರ ನಕ್ಷೆಗಳ ಮೇಲೆ ಒಂದೇ ಒಂದು ಮತವೂ ಬೀಳಲಿಲ್ಲ. ಕೊನೆಯ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆನ್ನುವುದು ಸಂವಿಧಾನದ 243ಯು ವಿಧಿ. ಆದರೂ 2025 ಕಳೆಯುವ ತನಕ ಊರಿಗೆ ಕಾರ್ಪೊರೇಟರ್ ಇರಲಿಲ್ಲ.

ಕಾರ್ಪೊರೇಟರ್ ಇಲ್ಲದ್ದು ಯಾರಿಗೆ ತಟ್ಟಿತು? ಅಪಾರ್ಟ್‌ಮೆಂಟಿನ ಸಂಘದವರಿಗೆ ಅಷ್ಟೇನೂ ಅಲ್ಲ. ಅವರಿಗೆ ಎಂಜಿನಿಯರ್ ಫೋನ್ ನಂಬರ್ ಗೊತ್ತು, ಆಯುಕ್ತರಿಗೆ ಮೇಲ್ ಬರೆಯುವುದು ಗೊತ್ತು. ಕಾರ್ಪೊರೇಟರ್ ಎಂದರೆ ಕಾಮಗಾರಿಯ ಪರ್ಸೆಂಟೇಜ್ ಎಂಬ ತಾತ್ಸಾರವೂ ಉಂಟು. ಆ ತಾತ್ಸಾರಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆದರೆ ಕೊಳೆಗೇರಿಯ ಹೆಂಗಸಿಗೆ ಬೆಳಗ್ಗೆ ಆರಕ್ಕೆ ಬಾಗಿಲು ತಟ್ಟಬಹುದಾದ ಅಧಿಕಾರ ಅಂತ ಇದ್ದದ್ದು ಅದೊಂದೇ. ಪಿಂಚಣಿ ಅರ್ಜಿಗೆ ಒಂದು ಶಿಫಾರಸು, ಮೂರು ದಿನದಿಂದ ಬಾರದ ನೀರಿಗೆ ಒಂದು ಟ್ಯಾಂಕರ್, ಠಾಣೆಯಲ್ಲಿ ಕೂರಿಸಿಕೊಂಡ ಮಗನಿಗಾಗಿ ಒಂದು ಮಾತು. ಇದೆಲ್ಲ ಹಕ್ಕಾಗಿ ಸಿಗಬೇಕಾದದ್ದು, ಉಪಕಾರವಾಗಿ ಸಿಗುತ್ತಿತ್ತು, ನಿಜ. ಕೌನ್ಸಿಲ್ ಹೋದ ಮೇಲೆ ಹಕ್ಕಂತೂ ಬರಲಿಲ್ಲ, ಉಪಕಾರ ಮಾತ್ರ ಶಾಸಕರ ಮನೆಯ ಗೇಟಿಗೆ ಸ್ಥಳಾಂತರವಾಯಿತು. ಅಲ್ಲಿ ಸಾಲು ಉದ್ದ.

ಹೊಸ ನಕ್ಷೆಯ ಪರವಾಗಿ ಹೇಳಬೇಕಾದ ಮಾತೊಂದಿದೆ. 2011ರ ಜನಗಣತಿಯ 84 ಲಕ್ಷ ಜನರನ್ನು 198ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 42 ಸಾವಿರ; 369ರಿಂದ ಭಾಗಿಸಿದರೆ 23 ಸಾವಿರದ ಆಸುಪಾಸು. ನಡೆದು ಸುತ್ತಬಹುದಾದ ವಾರ್ಡ್, ಮುಖ ಗುರುತಿರುವ ಸದಸ್ಯ ಎಂಬ ಆಸೆಗೆ ಇದು ಹತ್ತಿರ. ಆದರೂ ನಮ್ಮ ಹಳ್ಳಿಗಳ ಲೆಕ್ಕ ನೆನಪಾದರೆ ನಗು ಬರುತ್ತದೆ: ಅಲ್ಲಿ ಪಂಚಾಯತ್ ರಾಜ್ ಕಾಯ್ದೆ 400 ಜನರಿಗೊಬ್ಬ ಸದಸ್ಯ ಎನ್ನುತ್ತದೆ. ಇನ್ನೊಂದು ತೊಡಕು ಆ ಜನಗಣತಿಯದ್ದೇ. ಹದಿನಾಲ್ಕು ವರ್ಷ ಹಳೆಯ ತಲೆಲೆಕ್ಕದ ಮೇಲೆ ಮಹದೇವಪುರ, ಕೆ.ಆರ್. ಪುರದಂಥ ಕಡೆ ಗೆರೆ ಎಳೆದರೆ, ಆಮೇಲೆ ಎದ್ದ ಗೋಪುರಗಳೂ ಅವುಗಳ ಹಿಂದಿನ ತಗಡಿನ ಶೆಡ್ಡುಗಳೂ ಲೆಕ್ಕಕ್ಕೇ ಬರುವುದಿಲ್ಲ. ಶೆಡ್ಡಿನವರ ಹೆಸರು ರಾಯಚೂರಿನದೋ ಬಂಗಾಳದ್ದೋ ಮತಪಟ್ಟಿಯಲ್ಲಿರುತ್ತದೆ. ಅವರು ಕಸ ಎತ್ತುವುದು ಈ ವಾರ್ಡಿನಲ್ಲಿ.

ನಕ್ಷೆ ಬರೆದವರ ಮನಸ್ಸು ಎಲ್ಲಿತ್ತು ಎಂಬುದಕ್ಕೆ 2022ರ ಪಟ್ಟಿಯ ಹೆಸರುಗಳೇ ಸಾಕು. ಚಾಣಕ್ಯ, ಛತ್ರಪತಿ ಶಿವಾಜಿ, ರಣಧೀರ ಕಂಠೀರವ! ಆಟೊದವನಿಗೆ 'ಚಾಣಕ್ಯಕ್ಕೆ ಬರ್ತೀರಾ' ಎಂದು ಕೇಳಿ ನೋಡಬೇಕಿತ್ತು. ಜನ ಇವತ್ತಿಗೂ ತಾವಿರುವ ಜಾಗವನ್ನು ಹಳ್ಳಿಯ ಹೆಸರಿಂದ, ಪಾಳ್ಯದ ಹೆಸರಿಂದ, ಮುಚ್ಚಿಹೋದ ಕೆರೆಯ ಹೆಸರಿಂದ ಕರೆಯುತ್ತಾರೆ. ಗೆರೆಗಳಿಗೆ ಈ ನೆನಪಿಲ್ಲ. ಅವು ವಿಧಾನಸಭಾ ಕ್ಷೇತ್ರದ ಗಡಿಯೊಳಗೇ ಅಡಗಿ ಕೂರುತ್ತವೆ, ಶಾಸಕರ ಆಸ್ತಿಯ ಪಾಲುಪಟ್ಟಿಯ ಹಾಗೆ. ಆ ವರ್ಷದ ಮೀಸಲಾತಿ ಪಟ್ಟಿಯಲ್ಲಿ ಕಾಂಗ್ರೆಸ್ ಶಾಸಕರ ಕ್ಷೇತ್ರಗಳ ಬಹುಪಾಲು ವಾರ್ಡ್‌ಗಳನ್ನು ಮಹಿಳೆಯರಿಗೆ ತುಂಬಿದ್ದಾರೆ ಎಂದು ದೂರು ಎದ್ದಿತು. ಹಿಂದುಳಿದ ವರ್ಗ ಮತ್ತು ಮಹಿಳಾ ಮೀಸಲಾತಿಯ ಆ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಮಹಿಳೆಗೆ ಕೊಟ್ಟ ಸ್ಥಾನ ಎದುರು ಪಕ್ಷದ ಗಂಡಸಿಗೆ ಕೊಟ್ಟ ಶಿಕ್ಷೆ ಎಂಬಂತೆ ಎರಡೂ ಕಡೆಯವರು ಮಾತಾಡಿದ್ದರು. ನನಗೆ ಅದು ಪಟ್ಟಿಗಿಂತ ಹೆಚ್ಚು ಬೇಸರ ತಂದಿತು.

ಮೀಸಲಾತಿ ಬೇಕು, ಅರ್ಧ ಸ್ಥಾನ ಹೆಂಗಸರಿಗೇ ಇರಲಿ. ನನ್ನ ತಕರಾರು ಸರದಿಯ ಬಗ್ಗೆ. ಪ್ರತಿ ಚುನಾವಣೆಗೂ ವಾರ್ಡಿನ ಮೀಸಲು ತಿರುಗುತ್ತದೆ. ಐದು ವರ್ಷ ಚರಂಡಿಯ ದಾರಿ ಕಲಿತ ಹೆಣ್ಣುಮಗಳು ಆರನೆಯ ವರ್ಷ ಎಷ್ಟೋ ಸಲ ಮತ್ತೆ ಅದೇ ಜನರ ಮುಂದೆ ನಿಲ್ಲುವಂತಿಲ್ಲ. ನಿಲ್ಲಲು ಅವಕಾಶವಿದ್ದರೂ ಪಕ್ಷ ಟಿಕೆಟ್ ಕೊಡುವುದಿಲ್ಲ. ಕೆಲಸ ಮಾಡದವನೂ ಹಾಗೆಯೇ ಜಾರಿಕೊಳ್ಳುತ್ತಾನೆ, ಹೆಂಡತಿಯ ಫ್ಲೆಕ್ಸ್ ಕಟ್ಟಿಸಿ ತಾನೇ ಆಫೀಸಿನಲ್ಲಿ ಕೂರುತ್ತಾನೆ. ಮೆಚ್ಚುವ ಅಧಿಕಾರವೂ ಇಲ್ಲ, ಸೋಲಿಸುವ ಅಧಿಕಾರವೂ ಇಲ್ಲ. ಒಂದು ಮೀಸಲನ್ನು ಎರಡು ಅವಧಿಗಾದರೂ ನಿಲ್ಲಿಸಿದ್ದರೆ ಈ ಆಟ ಅರ್ಧ ಕಡಿಮೆಯಾಗುತ್ತಿತ್ತು.

ಗೆದ್ದ ಮೇಲಾದರೂ ಏನು? 2015ರಲ್ಲಿ 198ರ ಪೈಕಿ ಬಿಜೆಪಿ 100 ಗೆದ್ದಿತು, ಮೇಯರ್ ಆದದ್ದು ಕಾಂಗ್ರೆಸ್‌ನವರು. ಕಾನೂನು ತಪ್ಪಿರಲಿಲ್ಲ, ಶಾಸಕರು, ಸಂಸದರು, ಮೇಲ್ಮನೆ ಸದಸ್ಯರು ಕೂಡ ಮತ ಹಾಕುವ ಪದ್ಧತಿ ಅದು. ಪಕ್ಷ ಯಾವುದಾದರೂ ಇರಲಿ, ವಾರ್ಡಿನ ಮತ ಆ ಸಭೆಯಲ್ಲಿ ತೆಳುವಾಯಿತು ಎಂಬುದು ನಿಜ. ಬಿಬಿಎಂಪಿ ಕಾಲದ ವಾರ್ಡ್ ಸಮಿತಿಯದೂ ಇದೇ ಪಾಡು. ಹತ್ತು ಮಂದಿ, ಅದರಲ್ಲಿ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘದವರು; ಅವರೆಲ್ಲ ನಾಮನಿರ್ದೇಶನಗೊಂಡವರು. ತಿಂಗಳ ಮೊದಲ ಶನಿವಾರ ಸಭೆ ಎಂದು ನಿಗದಿಯಾದ ಮೇಲೆ ನಾನೂ ಒಂದೆರಡಕ್ಕೆ ಹೋಗಿ ಕೂತಿದ್ದೆ. ಬೀದಿದೀಪ, ಬೀದಿನಾಯಿ, ಚಹಾ. ಹಣದ ಪ್ರಶ್ನೆ ಬಂದಾಗ ಎಂಜಿನಿಯರ್ 'ಮೇಲಿಂದ ಬರಬೇಕು ಸಾರ್' ಎಂದರು, ಕಾರ್ಪೊರೇಟರ್ ತಲೆಯಾಡಿಸಿದರು.

ಆ 'ಮೇಲೆ', ನಗರವನ್ನು ಐದಾಗಿ ಒಡೆದ ಹೊಸ ಕಾನೂನಿನಲ್ಲಿ ಇನ್ನೂ ಎತ್ತರಕ್ಕೆ ಹೋಗಿದೆ. ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಕ್ಷೇತ್ರದ ಮಟ್ಟದಲ್ಲಿ ಶಾಸಕರ ಅಧ್ಯಕ್ಷತೆಯ ಸಮಾಲೋಚನಾ ಸಮಿತಿ. ಇವೆರಡರ ನಡುವೆ 369 ವಾರ್ಡ್ ಸದಸ್ಯರು ಹಿಡಿಸಬೇಕು. ವಾರ್ಡ್‌ಗಳ ಗಡಿ ಎಷ್ಟೋ ಕಡೆ ರಾಜಕಾಲುವೆಯ ಮೇಲೇ ಹಾದಿದೆ. ಮಳೆಗಾಲದಲ್ಲಿ ಅದು ಉಕ್ಕಿ ಎರಡೂ ದಡದ ಮನೆಗಳಿಗೆ ನುಗ್ಗಿದಾಗ, ಈ ದಡದವರು ಒಬ್ಬ ಸದಸ್ಯರಿಗೆ ಫೋನ್ ಮಾಡುತ್ತಾರೆ, ಆ ದಡದವರು ಇನ್ನೊಬ್ಬರಿಗೆ. ಇಬ್ಬರೂ ಫೋನ್ ಎತ್ತಿ, ಶಾಸಕರಿಗೆ ಹೇಳುತ್ತೇನೆ ಎನ್ನುತ್ತಾರೆ.