ಹಕ್ಕಿ ಛಲೋ ಅದ, ಹೊಳಿ ಎಲ್ಲದ?

ಇನ್‌ಸ್ಟಾಗ್ರಾಂನಲ್ಲಿ ಇವತ್ತು ಕಂಡ ಹತ್ತು ಹಕ್ಕಿ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಕ್ಕಿ ಬೇರೆ ಬೇರೆ, ಫೋಟೊ ಮಾತ್ರ ಒಂದೇ. ಫ್ರೇಮಿನ ತುಂಬಾ ಹಕ್ಕಿ, ಹಿಂದೆ ಐಸ್‌ಕ್ರೀಮಿನ ಹಾಗೆ ಕರಗಿದ ಹಸಿರು. ಪುಕ್ಕದ ಒಂದೊಂದು ಎಳೆ ಎಣಿಸಬಹುದು. ಯಾವ ಊರು, ಯಾವ ಹೊತ್ತು ಅಂತ ಮಾತ್ರ ಗೊತ್ತಾಗಲ್ಲ.

ನಮ್ಮೂರು ಘತ್ತರಗಿ. ಅಫಜಲಪುರ ತಾಲ್ಲೂಕು, ಭೀಮಾ ನದಿಯ ದಂಡೆ, ಭಾಗ್ಯವಂತಿ ದೇವಿಯ ಗುಡಿಯಿಂದ ಹೆಸರಾದ ಊರು. ಅಲ್ಲಿ ಯಾರೋ ತೆಗೆದ ಕಪ್ಪು-ಬಿಳಿ ಮಿಂಚುಳ್ಳಿಯ ಫೋಟೊವೊಂದನ್ನು ಕಾಕಾಗೆ ತೋರಿಸಿದೆ. ಲೈಕುಗಳ ಸುರಿಮಳೆಯಾದ ಫೋಟೊ ಅದು. ಕಾಕಾ ಫೋನಿನಲ್ಲಿ ಹಿಗ್ಗಿಸಿ ನೋಡಿ, "ಹಕ್ಕಿ ಛಲೋ ಅದ ತಮ್ಮಾ. ಹೊಳಿ ಎಲ್ಲದ?" ಅಂದರು.

ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ. ಈ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಾ, ಕೆಳಗೆ ಮೀನು ನೋಡಿ ಸರ್ರನೆ ಧುಮುಕುವ ಹಕ್ಕಿ. ಅದರ ಗಮನವೆಲ್ಲ ಕೆಳಗೆ. ಹಾಗಿದ್ದ ಮೇಲೆ ಫ್ರೇಮಿನಲ್ಲಿ ಕೆಳಗೆ ಜಾಗ ಬಿಡಬೇಕು, ನೀರು ಕಾಣಬೇಕು. ನೀರು ಕತ್ತರಿಸಿದರೆ ಉಳಿಯುವುದು ಪಾಸ್‌ಪೋರ್ಟ್ ಫೋಟೊ. ನೋಡುವ ದಿಕ್ಕಿಗೆ ಜಾಗ ಬಿಡಿ ಅನ್ನುವ ಹಳೆಯ ಪಾಠಕ್ಕೆ ಅರ್ಥ ಇರುವುದು ಇಲ್ಲಿ.

ಬೆಳಕಿನದೂ ಇದೇ ಕಥೆ. ನಮ್ಮ ಕಡೆ ಬೇಸಿಗೆಯಲ್ಲಿ ಒಂಬತ್ತಕ್ಕೆಲ್ಲ ಬಿಸಿಲು ಚುರುಕು. ಕರಿ ಮಣ್ಣಿನ ಮೇಲೆ ಬೆಳ್ಳಕ್ಕಿ ನಿಂತರೆ ಕ್ಯಾಮೆರಾ ಮಣ್ಣನ್ನು ನಂಬಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದರೆ ಪುಕ್ಕ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ಸೂರ್ಯ ಕೆಳಗಿರುವಾಗಲೇ ಹೋಗುವುದು. ಸೂರ್ಯ ಯಾವಾಗಲೂ ಬೆನ್ನ ಹಿಂದೆಯೇ ಇರಬೇಕಿಲ್ಲ, ಪಕ್ಕದಲ್ಲೂ ಎದುರಿಗೂ ಇರಲಿ.

ಇದಕ್ಕೆ ಗುರು ಬೇಕೆಂದರೆ ದೂರ ಹೋಗಬೇಕಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ಇದ್ದರು. ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾದವರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶಾಡೋಸ್'. ಬಿಸಿಲಿನ ಜೊತೆ ನೆರಳಿಗೂ ಶೀರ್ಷಿಕೆಯಲ್ಲಿ ಪಾಲು ಕೊಟ್ಟ ಮನುಷ್ಯ. ನಾವು ಲೈಟ್‌ರೂಮಿಗೆ ಹೋಗಿ ಮೊದಲು ಅಳಿಸುವುದೇ ನೆರಳನ್ನು.

"ಫೋನಿನ ಸ್ಕ್ರೀನು ಚಿಕ್ಕದು ಮಾರಾಯಾ, ಹಕ್ಕಿ ದೊಡ್ಡದಿರದಿದ್ದರೆ ಯಾರು ನಿಂತು ನೋಡ್ತಾರೆ?" ಅಂತ ನನ್ನ ಆಫೀಸಿನ ಗೆಳೆಯನ ವಾದ. ವಾದ ಸರಿಯೇ. ಆದರೆ ಸ್ಕ್ರೀನಿಗಾಗಿ ಹತ್ತಿರ ಹೋಗುವುದಕ್ಕೆ ಬೆಲೆ ಕೊಡುವುದು ಹಕ್ಕಿ. ಹೊಳೆ ಇಳಿದಾಗ ಬಯಲಾಗುವ ಮರಳಿನ ಮೇಲೆ ನದಿ ರೀವ ಮೊಟ್ಟೆ ಇಡುತ್ತದೆ. ಹತ್ತಿರ ಕೂತು ತಾಯಿಯನ್ನು ಎಬ್ಬಿಸಿದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ದೂರ ನಿಂತು, ಎಫ್/11ಕ್ಕೆ ಇಳಿಸಿ ತೆಗೆದರೆ ಹಕ್ಕಿ ಚಿಕ್ಕದಾಗುತ್ತದೆ, ಮರಳೂ ನೀರೂ ಫೋಟೊದೊಳಗೆ ಬರುತ್ತವೆ.

ಆ ಮರಳು ಫೋಟೊದಲ್ಲಿ ಬರುವುದು ಮುಖ್ಯ. ಭೀಮಾ ತೀರದಲ್ಲಿ ಮರಳು ಲಾರಿಗಳಲ್ಲಿ ಸಾಗಿಹೋಗುತ್ತಿರುವುದು ಗುಟ್ಟೇನಲ್ಲ. ಹಿನ್ನೆಲೆ ಮಸುಕು ಮಾಡಿದ ಫೋಟೊದಲ್ಲಿ ಮರಳು ಇದ್ದರೂ ಒಂದೇ, ಹೋದರೂ ಒಂದೇ. ಹಕ್ಕಿಗೆ ಹಾಗಲ್ಲ.