ವ್ಯಕ್ತಿಚರಿತ್ರೆಯಲ್ಲಿ ದೈವದ ನೇಯ್ಗೆ

೧

ಕಲ್ಪಿತ ಪಾತ್ರವೊಂದರ ಸ್ವಂತ ಬಾಳಿನ ಕಥೆಯೊಳಕ್ಕೆ ದೈವವನ್ನು ಯಾವ ಬಗೆಯಿಂದ ತರತಕ್ಕದ್ದು? ಈ ಪ್ರಶ್ನೆಯನ್ನು ಈಗ ಹೊಸದಾಗಿ ಕೇಳುವುದಕ್ಕೆ ಒಂದು ಕಾರಣವುಂಟು. ಅಮೆರಿಕೆಯಲ್ಲಿ ೧೯೭೪ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದರಿಂದ ಮೊದಲ್ಗೊಂಡು, ಪಾತ್ರಧಾರಣೆಯ ಆಟಗಳೆಂಬ ಒಂದು ಕಥನಪ್ರಕಾರವೇ ಬೆಳೆದುನಿಂತಿದೆ. ಇಲ್ಲಿ ಆಟಗಾರನು ತನ್ನ ಪಾತ್ರಕ್ಕೆ ಹೆಸರು, ಹುಟ್ಟು, ಪೂರ್ವವೃತ್ತಾಂತಗಳನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಹಲವು ವೇಳೆ ಒಂದು ಆರಾಧ್ಯದೈವವನ್ನೂ ಆರಿಸಿಕೊಳ್ಳುತ್ತಾನೆ. ಈ ಆಟಕ್ಕಾಗಿ ೧೯೮೦ರಲ್ಲಿ ಹೊರಬಂದ ದೇವತೆಗಳ ಕೈಪಿಡಿಯೊಂದರಲ್ಲಿ ಗ್ರೀಕರ, ಈಜಿಪ್ಟಿನವರ ದೇವತೆಗಳೊಡನೆ ನಮ್ಮ ಇಂದ್ರ, ವಿಷ್ಣು, ಯಮರೂ ಸೇರಿದ್ದಾರೆ. ಒಬ್ಬೊಬ್ಬ ದೇವತೆಯೂ ಎಷ್ಟು ಪೆಟ್ಟು ತಾಳಬಲ್ಲನೆಂಬುದಕ್ಕೆ ಅಲ್ಲಿ ಅಂಕಿಗಳೂ ಉಂಟು.

ಇದನ್ನು ಕಂಡು ನಗುವುದು ಸುಲಭ. ಆದರೆ ನಗುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ನಮ್ಮ ಚರಿತ್ರೆಕಾರರು ದೈವವನ್ನು ವ್ಯಕ್ತಿಯ ಬಾಳಿನಲ್ಲಿ ಹೆಣೆದಾಗ ಯಾವ ಕ್ರಮವನ್ನು ಅನುಸರಿಸಿದರು? ಅವರ ದೈವಗಳೆಲ್ಲವೂ ನಾಯಕನ ಬಲವರ್ಧನೆಯ ಸಾಧನಗಳಾಗದೆ ಉಳಿದುವೆ? ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚಿತವಾದ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆ ಈ ವಿಚಾರಕ್ಕೆ ಬಹಳ ಅನುಕೂಲವಾದ ಕ್ಷೇತ್ರ. ಇದರ ಎಲ್ಲೆಯೊಳಗೇ ನಮಗೆ ಬೇರೆಬೇರೆ ಬಗೆಯ ನೇಯ್ಗೆಗಳು ದೊರೆಯುತ್ತವೆ.

೨

ಮೊದಲನೆಯದು ಹಿರೇಕೆರೂರು ತಾಲೂಕಿನ ಅಬ್ಬಲೂರಿನದು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ. ಶ. ೧೨೦೦ರ ಶಾಸನವೊಂದಿದೆ, ಫ್ಲೀಟರು ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಏಕಾಂತದ ರಾಮಯ್ಯನ ಚರಿತ್ರೆ ಅದರ ವಸ್ತು. ಕಥೆ ಕೈಲಾಸದಲ್ಲಿ ಮೊದಲಾಗುತ್ತದೆ. ಪರಸಮಯಗಳು ಪ್ರಬಲವಾದುವೆಂದು ನಾರದನು ಬಿನ್ನವಿಸಲು, ಶಿವನು ವೀರಭದ್ರನಿಗೆ ಆಜ್ಞೆಯಿತ್ತನು; ಅದರ ಫಲವಾಗಿ ಆಳಂದೆಯ ಪುರುಷೋತ್ತಮಭಟ್ಟನಿಗೆ ಮಗನು ಹುಟ್ಟಿದನು. ಆ ಮಗನು ಹುಲಿಗೆರೆಗೆ ಬರಲು ಅಲ್ಲಿಯ ಸೋಮನಾಥನು ಅವನನ್ನು ಅಬ್ಬಲೂರಿಗೆ ಕಳುಹಿಸಿದನು. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದ ಬೆಳೆದು, ಓಲೆಯ ಮೇಲೆ ಪಣ ಬರೆಯಿಸಿಕೊಂಡು, ರಾಮಯ್ಯನು ತನ್ನ ತಲೆಯನ್ನು ಅರಿದು ಶಿವನಿಗೊಪ್ಪಿಸಿದನು; ಏಳು ದಿನಗಳ ಮೇಲೆ ಆ ತಲೆಯನ್ನು ಮರಳಿ ಪಡೆದನು. ಬಳಿಕ ಜಿನಬಿಂಬವನ್ನು ಒಡೆದನು. ದೂರು ಬಿಜ್ಜಳನವರೆಗೆ ಹೋಯಿತು. ಬಿಜ್ಜಳನು ರಾಮಯ್ಯನಿಗೇ ಜಯಪತ್ರವನ್ನಿತ್ತು ಭೂಮಿಯನ್ನು ದತ್ತಿ ಬಿಟ್ಟನು. ಚಾಳುಕ್ಯ ನಾಲ್ಕನೆಯ ಸೋಮೇಶ್ವರನೂ, ಹಾನಗಲ್ಲಿನ ಕದಂಬ ಕಾಮದೇವನೂ ಅನಂತರ ದತ್ತಿಗಳನ್ನು ಕೊಟ್ಟರು.

ಕಥನದ ದೃಷ್ಟಿಯಿಂದ ಇದರ ಕಟ್ಟಡ ಬಲು ಬಿಗಿಯಾದುದು. ದೈವವು ಇಲ್ಲಿ ಹುಟ್ಟಿಗೆ ಕಾರಣ, ಪಯಣಕ್ಕೆ ಕಾರಣ, ಕೊನೆಯ ಗೆಲುವಿಗೂ ಕಾರಣ. ನಾಯಕನು ತೆರುವ ಬೆಲೆಯೂ ಸಣ್ಣದಲ್ಲ. ಕತ್ತನ್ನೇ ಕೊಟ್ಟವನಿಗೆ ದೈವವು ಅಗ್ಗವಾಗಿ ದೊರೆಯಿತೆನ್ನಲಾಗದು. ಆದರೂ ಒಂದು ಕೊರತೆ ನಮ್ಮ ಕಣ್ಣಿಗೆ ಬೀಳುತ್ತದೆ. ರಾಮಯ್ಯನ ಬಾಳಿನಲ್ಲಿ ದೈವವು ಎಂದೂ ಮೌನವಾಗಿರುವುದಿಲ್ಲ. ರಾಮಯ್ಯನೂ ಎಂದೂ ಶಂಕಿಸುವುದಿಲ್ಲ. ಕಳುಹಿಸಲ್ಪಟ್ಟವನು ಕಳುಹಿಸಿದ ಕೆಲಸವನ್ನು ಮಾಡಿ ಮುಗಿಸುತ್ತಾನೆ. ಶಾಸನದ ಉದ್ದೇಶವೇ ದತ್ತಿಗಳಿಗೆ ಆಧಾರವನ್ನು ಒದಗಿಸುವುದಾದಕಾರಣ, ದೈವವು ಇಲ್ಲಿ ಸಾಕ್ಷಿಯ ಸ್ಥಾನದಲ್ಲಿ ನಿಲ್ಲಬೇಕಾಯಿತು. ಸಾಕ್ಷಿಯು ಸಂದೇಹಕ್ಕೆ ಎಡೆಗೊಟ್ಟರೆ ವ್ಯಾಜ್ಯ ಕೆಡುತ್ತದೆ. ಇನ್ನೂ ಒಂದು ಮಾತು. ಒಬ್ಬನ ದೈವವು ನಿಜವೆಂದು ಸಿದ್ಧವಾಗಲು ಇನ್ನೊಬ್ಬರ ಆರಾಧ್ಯಮೂರ್ತಿ ಒಡೆಯಬೇಕಾಯಿತು. ಒಡೆಸಿಕೊಂಡವರ ಕಥೆಯನ್ನು ಕಲ್ಲು ಅವರ ಬಾಯಿಂದ ಹೇಳಿಸುವುದಿಲ್ಲ. ಇಂಥ ಕಥೆಯ ಮಾದರಿಯನ್ನು ಎತ್ತಿಕೊಳ್ಳುವ ಇಂದಿನ ಕಥೆಗಾರನಾಗಲಿ ಆಟಗಾರನಾಗಲಿ ಇದನ್ನು ಮರೆಯತಕ್ಕದ್ದಲ್ಲ.

೩

ಎರಡನೆಯ ಬಗೆಯೂ ಅದೇ ಊರಿಗೆ ಸಂಬಂಧಿಸಿದುದು. ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತವಾಗಿರುವ ಜನ್ಮವೃತ್ತಾಂತದ ತ್ರಿಪದಿಗಳು ಅವನ ತಂದೆ ಮಾಸೂರಿನ ಬಸವರಸನೆಂದೂ, ತಾಯಿ ಅಬ್ಬಲೂರಿನ ಕುಂಬಾರಗಿತ್ತಿ ಮಾಳಿಯೆಂದೂ ಹೇಳುತ್ತವೆ. ಅಷ್ಟಕ್ಕೇ ನಿಲ್ಲದೆ, ಅವನು ಕೈಲಾಸದಲ್ಲಿ ಪುಷ್ಪದತ್ತನೆಂಬ ಗಣನಾಗಿದ್ದನೆಂದೂ, ಹಿಂದೊಮ್ಮೆ ವರರುಚಿಯಾಗಿ ಹುಟ್ಟಿದ್ದನೆಂದೂ ಹೇಳುತ್ತವೆ. ಈ ಪೂರ್ವಜನ್ಮದ ಎಳೆ ಬೃಹತ್ಕಥೆಯ ಪರಂಪರೆಯಿಂದ ಬಂದುದೆಂಬುದು ಸ್ಪಷ್ಟ. ಶಿವನು ಪಾರ್ವತಿಗೆ ಹೇಳಿದ ಕಥೆಯನ್ನು ಕದ್ದು ಕೇಳಿದ ಗಣನು ಶಾಪಗ್ರಸ್ತನಾಗಿ ವರರುಚಿಯಾದನೆಂಬುದು ಕಥಾಸರಿತ್ಸಾಗರದ ಪೀಠಿಕೆಯಲ್ಲಿಯೇ ಇದೆ.

೧೯೨೪ರಲ್ಲಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಕಲಿಸಿ ಪ್ರಕಟಿಸಿದಂದಿನಿಂದ, ಅವನ ಹೆಸರಿನ ವಚನಗಳಲ್ಲಿ ಸಾಚಾ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಚರ್ಚೆ ನಡೆಯುತ್ತ ಬಂದಿದೆ. ನಮಗಿಲ್ಲಿ ಬೇಕಾದುದು ಕರ್ತೃತ್ವನಿರ್ಣಯವಲ್ಲ, ಕಥನದ ಫಲ. ಕುಲವನ್ನು ಲೆಕ್ಕಿಸದೆ ತಿರಿದುಂಡು ತಿರುಗಿ, ಕಂಡುದನ್ನು ಕಂಡ ಹಾಗೆ ಆಡಿದವನಿಗೆ ಕೈಲಾಸದ ವಂಶಾವಳಿಯೇಕೆ? ಅವನ ಅರಿವು ಅವನ ತಿರುಗಾಟದಿಂದ ಬಂದುದೆಂದು ಒಪ್ಪಲು ಜನಕ್ಕೆ ಮನಸ್ಸಾಗಲಿಲ್ಲವೆಂದು ತೋರುತ್ತದೆ. ಇಲ್ಲಿ ದೈವವು ವ್ಯಕ್ತಿಯ ಬಾಳಿನ ಹಿಂದೆ ಇದೆ, ಬಾಳಿನ ಒಳಗಿಲ್ಲ. ಪುಷ್ಪದತ್ತನ ವೃತ್ತಾಂತವನ್ನು ತೆಗೆದುಹಾಕಿದರೂ ಸರ್ವಜ್ಞನ ನೀತಿವಚನಗಳಲ್ಲಿ ಒಂದಕ್ಷರವೂ ಕುಂದುವುದಿಲ್ಲ. ತೆಗೆದರೂ ಬಟ್ಟೆ ಕೆಡದ ಎಳೆಯನ್ನು ನೇಯ್ದ ಎಳೆಯೆನ್ನಲಾಗದು. ಅದು ಮೇಲೆ ಹೊಲಿದ ಜರಿ. ಪಾತ್ರಧಾರಣೆಯ ಆಟಗಳಲ್ಲಿ ದೇವಾಂಶಸಂಭೂತರೆಂದು ಮೊದಲೇ ಘೋಷಿಸಿಕೊಳ್ಳುವ ಪಾತ್ರಗಳ ದೋಷವೂ ಇದೇ ಆಗಿದೆ.

೪

ಮೂರನೆಯ ಬಗೆಗೆ ಶಿಗ್ಗಾಂವಿ ತಾಲೂಕಿನ ಬಾಡಕ್ಕೆ ಹೋಗಬೇಕು. ತಿಮ್ಮಪ್ಪನಾಯಕನು ಕನಕದಾಸನಾದ ಐತಿಹ್ಯವು ಸರ್ವವಿದಿತ. ತನ್ನ ದಾಸನಾಗೆಂದು ಆದಿಕೇಶವನು ಕನಸಿನಲ್ಲಿ ಕರೆದನು; ಪಾಳೆಯಗಾರನು ಒಲ್ಲೆನೆಂದನು. ಮುಂದೆ ಯುದ್ಧದಲ್ಲಿ ಗಾಯಗೊಂಡು ಬಿದ್ದಾಗ ಅದೇ ಕರೆ ಮತ್ತೆ ಬಂದಿತು. ಆಗ ಅವನು ಒಪ್ಪಿದನು. ಐತಿಹಾಸಿಕ ಪ್ರಮಾಣದ ವಿಚಾರವನ್ನು ಬದಿಗಿಟ್ಟು ನೋಡಿದರೆ, ಈ ಕಥೆಯ ಜೀವವಿರುವುದು ಆ 'ಒಲ್ಲೆ'ನೆಂಬ ಮಾತಿನಲ್ಲಿ. ರಾಮಯ್ಯನು ಹುಟ್ಟುವ ಮೊದಲೇ ನಿಯುಕ್ತನಾಗಿದ್ದನು, ಕನಕನಾದರೋ ನಿರಾಕರಿಸಬಲ್ಲವನಾಗಿದ್ದನು. ದೈವವು ಅವನಿಗೆ ಗೆಲುವನ್ನು ಕೊಡಲಿಲ್ಲ, ಅಧಿಕಾರವನ್ನು ಬಿಡಿಸಿತು. ಅದಕ್ಕೆ ಪ್ರತಿಯಾಗಿ ಅವನಿಗೆ ದೊರೆತುದು ಒಂದು ಅಂಕಿತ.

ಈ ಅಂಕಿತವೆಂಬುದನ್ನು ವಿಮರ್ಶಕರು ಕೇವಲ ಕರ್ತೃಸೂಚಕವೆಂದು ತಿಳಿಯುವುದುಂಟು. ನಮಗೆ ಅದು ನೇಯ್ಗೆಯ ಮರ್ಮವಾಗಿ ಕಾಣುತ್ತದೆ. ಕೀರ್ತನೆಯ ಕೊನೆಯಲ್ಲಿ ಕವಿಯು ತನ್ನ ಹೆಸರನ್ನಿಡದೆ ಕಾಗಿನೆಲೆಯ ಆದಿಕೇಶವನ ಹೆಸರನ್ನಿಡುತ್ತಾನೆ. ಅದೂ ಬರಿಯ ಕೇಶವನಲ್ಲ, ಒಂದು ಊರಿನ ಕೇಶವ. ಕೀರ್ತನೆಯ ವಸ್ತು ಕುಲದ ಟೀಕೆಯಿರಲಿ, ಹೊಟ್ಟೆಯ ಪಾಡಿರಲಿ, ಆ ಹೆಸರಿಗೆ ಬಂದು ಮುಟ್ಟಲೇಬೇಕು. ದೀರ್ಘಕಾವ್ಯಗಳಲ್ಲಿಯೂ ಇದೇ ಮನೋಧರ್ಮ ಬೇರೆ ರೂಪದಲ್ಲಿದೆ. ರಾಮಧಾನ್ಯಚರಿತ್ರೆಯಲ್ಲಿ ರಾಮನು ಭತ್ತಕ್ಕೂ ರಾಗಿಗೂ ಬಂದ ಜಗಳವನ್ನು ತನ್ನ ಮಾತಿನಿಂದ ತೀರಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೆಡದೆ ಉಳಿಯುವ ಗುಣ ರಾಗಿಯದೇ. ದೈವವು ಅದಕ್ಕೆ ಹೊಸ ಬಲವನ್ನು ಕೊಡಲಿಲ್ಲ, ಇದ್ದ ಬಲವನ್ನು ಕಾಣಿಸಿ ತನ್ನ ಹೆಸರನ್ನಿಟ್ಟಿತು.

ಇದೇ ತಾಲೂಕಿನ ಶಿಶುನಾಳದ ಷರೀಫರು (೧೮೧೯–೧೮೮೯) ಈ ಕ್ರಮವನ್ನು ಇನ್ನೂ ಮುಂದಕ್ಕೆ ಕೊಂಡೊಯ್ದರು. ಹುಲಗೂರಿನ ಖಾದರಲಿಂಗನ ಕೃಪೆಯಿಂದ ಹುಟ್ಟಿದರೆಂಬ ಪ್ರತೀತಿಯುಳ್ಳ ಅವರು ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ತಮ್ಮ ಊರಿನ ಬಸವಣ್ಣನನ್ನು ಶಿಶುನಾಳಾಧೀಶನೆಂದು ಅಂಕಿತದಲ್ಲಿರಿಸಿದರು. ಅಬ್ಬಲೂರಿನ ಕಥೆಯಲ್ಲಿ ಎರಡು ದೈವಗಳಿಗೆ ಒಂದು ಗುಡಿಯಲ್ಲಿ ಎಡೆಯಿರಲಿಲ್ಲ. ಷರೀಫರ ಬಾಳಿನಲ್ಲಿ ಒಬ್ಬನೇ ಮನುಷ್ಯನೊಳಗೆ ಹಲವಕ್ಕೆ ಎಡೆಯಾಯಿತು.

೫

ಆಟವು ಆಟವೇ, ಅದಕ್ಕೆ ದಾಸರ ಶರಣರ ಅಳತೆಗೋಲನ್ನು ಹಿಡಿಯುವುದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಭಕ್ತಿಯನ್ನು ನಾವು ಆಟದಿಂದ ಅಪೇಕ್ಷಿಸುತ್ತಿಲ್ಲ. ಪಾತ್ರದ ಬಾಳನ್ನು ಕಟ್ಟುವವನು ಕಥೆಗಾರನಾದ ಮೇಲೆ ಕಥೆಯ ನ್ಯಾಯಕ್ಕೆ ಒಳಗಾಗಬೇಕೆಂಬುದಷ್ಟೇ ನಮ್ಮ ಮಾತು. ಮೇಲಿನ ನಿದರ್ಶನಗಳಿಂದ ಮೂರು ಪರೀಕ್ಷೆಗಳು ಹೊರಡುತ್ತವೆ. ಆ ದೈವವನ್ನು ತೆಗೆದುಹಾಕಿದರೆ ಪಾತ್ರದ ನಡೆನುಡಿಗಳು ಬದಲಾಗುವುವೆ? ಪಾತ್ರವು ಅದಕ್ಕೆ ಒಲ್ಲೆನೆನ್ನಬಲ್ಲುದೆ? ಅದರ ಮಹಿಮೆಗೆ ಬೆಲೆ ತೆರುವವರು ಯಾರು, ಪಾತ್ರವೇ ಅಥವಾ ನೆರೆಯವರೆ?

ಇವುಗಳಲ್ಲಿ ಮೊದಲನೆಯದರಲ್ಲಿ ಸರ್ವಜ್ಞನ ಜನ್ಮವೃತ್ತಾಂತ ಸೋಲುತ್ತದೆ. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಅಬ್ಬಲೂರಿನ ಶಾಸನ ತೊಡಕಿಗೆ ಸಿಲುಕುತ್ತದೆ. ಬಾಡದ ಐತಿಹ್ಯ ಮೂರರಲ್ಲಿಯೂ ನಿಲ್ಲುತ್ತದೆ. ಅದು ಹೆಚ್ಚಿನ ಪವಾಡವನ್ನು ಹೇಳುವುದರಿಂದಲ್ಲ, ಕರೆದವನಿಗೂ ಕರೆಸಿಕೊಂಡವನಿಗೂ ನಡುವೆ ನಿರಾಕರಣೆಗೆ ಅವಕಾಶವನ್ನು ಬಿಟ್ಟಿರುವುದರಿಂದ. ನಮ್ಮ ವಿದ್ಯಾರ್ಥಿಗಳು ಕಲ್ಪಿತ ಲೋಕಗಳಿಗೆ ದೇವತೆಗಳನ್ನು ಕೈಪಿಡಿಗಳಿಂದ ಆರಿಸುವ ಮೊದಲು ಈ ಸೀಮೆಯ ಒಂದು ಶಾಸನವನ್ನೂ ಒಂದು ಕೀರ್ತನೆಯನ್ನೂ ಜೊತೆಯಲ್ಲಿಟ್ಟು ಓದಿದರೆ, ಬಲದ ಅಂಕಿಗಳಿಗಿಂತ ಅಂಕಿತವು ಏಕೆ ದೊಡ್ಡದೆಂಬುದು ಅವರಿಗೇ ವೇದ್ಯವಾದೀತು.